ನಿಂತು ಕುಡಿಯುವ ಕಾಫಿ, ಕೂತು ಕುಡಿಯುವ ಕಾಫಿ

ಬೆಳಗಿನ ಐದೂಮುಕ್ಕಾಲು. ರಾಜಾಜಿನಗರದ ನಮ್ಮ ಬೀದಿಯ ಮೂಲೆಯಲ್ಲಿರುವ ದರ್ಶಿನಿಯ ಷಟರ್ ಅರ್ಧಕ್ಕೆ ಎದ್ದು ನಿಂತಿದೆ. ಅದರ ಕೆಳಗಿನಿಂದ ಹರಿದುಬಂದ ಟ್ಯೂಬ್‌ಲೈಟಿನ ಬೆಳಕು ಫುಟ್‌ಪಾತಿನ ಮೇಲೆ ಚಾಪೆ ಹಾಸಿದಂತೆ ಬಿದ್ದಿದೆ. ಒಳಗಿನಿಂದ ಮೊದಲು ಬರುವುದು ಊದುಬತ್ತಿಯ ಹೊಗೆ, ಆಮೇಲೆ ಸ್ಟೀಲ್ ಲೋಟಗಳನ್ನು ಕುದಿನೀರಿನ ಪಾತ್ರೆಗೆ ಸುರಿಯುವ ಸದ್ದು, ಕೊನೆಗೆ ಕಾದ ಹಾಲಿನ ವಾಸನೆ. ಹೊರಗೆ ಏಳೆಂಟು ಮಂದಿ ಆಗಲೇ ಕಾದಿದ್ದಾರೆ. ಮಂಕಿ ಟೋಪಿ ಹಾಕಿಕೊಂಡು ವಾಕಿಂಗ್ ಹೊರಟ ನಿವೃತ್ತರು ಮೂವರು. ರಾತ್ರಿ ಪಾಳಿ ಮುಗಿಸಿದ ಎಟಿಎಂ ಕಾವಲುಗಾರ. ಕೆ.ಆರ್. ಮಾರುಕಟ್ಟೆಯಿಂದ ಹೂವಿನ ಮೂಟೆ ತಂದ ಹೆಂಗಸು. ಪೊರಕೆಯನ್ನು ಗೋಡೆಗೆ ಒರಗಿಸಿ ನಿಂತ ಪೌರಕಾರ್ಮಿಕರಿಬ್ಬರು. ಷಟರ್ ಪೂರ್ತಿ ಮೇಲೇರಿದ ಕೂಡಲೇ ಎಲ್ಲರೂ ಒಂದೇ ಗ್ರಾನೈಟ್ ಕಟ್ಟೆಯ ಸುತ್ತ ನೆರೆಯುತ್ತಾರೆ.

"ಅಣ್ಣಾ, ನಂದು ಸ್ಟ್ರಾಂಗು." "ಸಕ್ಕರೆ ಕಮ್ಮಿ." "ಇಲ್ಲೊಂದು ಬೈ-ಟು."

ಕಾಫಿ ಕೌಂಟರಿನವರು ತಲೆ ಎತ್ತುವುದಿಲ್ಲ. ಡಿಕಾಕ್ಷನ್ ಎಷ್ಟು, ಹಾಲು ಎಷ್ಟು ಎಂದು ಅವರ ಮುಂಗೈಗೆ ಗೊತ್ತು. ಒಂದಡಿ ಎತ್ತರದಿಂದ ಧಾರೆ ಸುರಿದು ನೊರೆ ಎಬ್ಬಿಸಿ ಲೋಟ ಮುಂದೆ ತಳ್ಳುತ್ತಾರೆ. ಬೈ-ಟು ಹೇಳಿದವರಿಗೆ ಒಂದು ಕಾಫಿಯನ್ನು ಎರಡು ಲೋಟಕ್ಕೆ ಸಮ ಹಂಚುತ್ತಾರೆ. ಬೆಂಗಳೂರಿನಲ್ಲಿ ಬೈ-ಟು ಕೇಳುವುದನ್ನು ಯಾರೂ ಜಿಪುಣತನ ಎಂದು ತಿಳಿಯುವುದಿಲ್ಲ. ಜೊತೆಯಲ್ಲೊಬ್ಬರು ಇದ್ದಾರೆ ಎಂದಷ್ಟೇ ಅದರ ಅರ್ಥ. ಬಿಸಿ ಲೋಟವನ್ನು ಅಂಚಿನಲ್ಲಿ ಹಿಡಿದು, ಊದಿ ಊದಿ ಕುಡಿದು, ನಾಲ್ಕು ನಿಮಿಷದಲ್ಲಿ ಎಲ್ಲರೂ ಅವರವರ ದಾರಿ ಹಿಡಿಯುತ್ತಾರೆ. ಈ ನಾಲ್ಕು ನಿಮಿಷ ಪೌರಕಾರ್ಮಿಕರ ಲೋಟವೂ ನಿವೃತ್ತ ಎಂಜಿನಿಯರರ ಲೋಟವೂ ಒಂದೇ ಕಲ್ಲಿನ ಮೇಲೆ ಕೂತಿರುತ್ತವೆ. ಒಂದೇ ಬಾವಿಯ ನೀರು ಮುಟ್ಟಲು ಬಿಡದ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ಈ ಕಟ್ಟೆಗೆ ವಯಸ್ಸು ಬಹಳ ಆಗಿಲ್ಲ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರು 'ಕೆಫೆ ದರ್ಶಿನಿ' ತೆರೆದಾಗ ನಿಂತು ತಿನ್ನುವ ಈ ಪದ್ಧತಿ ಶುರುವಾಯಿತು. ಕುರ್ಚಿ ಇಲ್ಲ, ಸರ್ವರ್ ಇಲ್ಲ, ಅಡುಗೆಮನೆ ಕಣ್ಣೆದುರೇ. ಟೋಕನ್ ತಗೋ, ತಿನ್ನು, ತಟ್ಟೆ ತೊಟ್ಟಿಗೆ ಹಾಕು, ಹೊರಡು. ಬಾಡಿಗೆ ಕಮ್ಮಿ, ಆಳು ಕಮ್ಮಿ, ಆದ್ದರಿಂದ ಬೆಲೆಯೂ ಕಮ್ಮಿ. ಕೆಲವೇ ವರ್ಷಗಳಲ್ಲಿ ಆ ಅಂಗಡಿಯ ಹೆಸರೇ ಒಂದು ಜಾತಿಯ ಹೋಟೆಲಿನ ಹೆಸರಾಗಿ ಊರಿಡೀ ಹಬ್ಬಿತು.

* * *

ನಮ್ಮ ಈ ಪಡುವಣ ಬೆಂಗಳೂರಿಗೆ ನಿಂತು ಕುಡಿಯುವ ಕಾಫಿ ಒಗ್ಗಿದ್ದಕ್ಕೆ ಕಾರಣವಿದೆ. ರಾಜಾಜಿನಗರ ಹುಟ್ಟಿದ್ದೇ ಗಡಿಯಾರ ನೋಡಿ ದುಡಿಯುವವರಿಗಾಗಿ. 1945ರಲ್ಲಿ ಸ್ಥಾಪನೆಯಾದ ಸಿಐಟಿಬಿ, ಅಂದರೆ ಇಂದಿನ ಬಿಡಿಎಯ ಹಿಂದಿನ ಅವತಾರ, ಈ ಭಾಗವನ್ನು ಕೈಗಾರಿಕಾ ಉಪನಗರವಾಗಿ ರೂಪಿಸಿತು. 1949ರಲ್ಲಿ ಬುನಾದಿ ಬಿತ್ತು. ಅಂದು ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿಯವರ ಹೆಸರು ಬಡಾವಣೆಗೆ ಬಂತು. 1916ರಲ್ಲಿ ಶುರುವಾದ ಮೈಸೂರು ಸ್ಯಾಂಡಲ್ ಸೋಪಿನ ಕಾರ್ಖಾನೆ 1957ರಲ್ಲಿ ಇತ್ತ ಬಂತು. ಗಾಳಿ ಕೂಡಿಬಂದ ದಿನ ಶ್ರೀಗಂಧದ ಪರಿಮಳ ನಮ್ಮ ಹಿತ್ತಲಿನವರೆಗೂ ಬರುತ್ತಿತ್ತು. ಕಾರ್ಮಿಕರಿಗಾಗಿ ಇಎಸ್‌ಐ ಆಸ್ಪತ್ರೆ, ಅಗಲವಾದ ರಸ್ತೆಗಳು, ಲೆಕ್ಕ ಹಾಕಿ ಕೊಟ್ಟ ಬ್ಲಾಕುಗಳು, ಮೇನು, ಕ್ರಾಸುಗಳು. ನಮ್ಮಪ್ಪ ಮೂರು ಪಾಳಿಯ ಕಾರ್ಖಾನೆಯಲ್ಲಿ ದುಡಿದವರು. ಮೊದಲ ಪಾಳಿಗೆ ಹೊರಟ ದಿನ ಬೀದಿಯಲ್ಲಿ ಸೈಕಲ್ಲುಗಳ ಸಾಲು ಕಾಣುತ್ತಿತ್ತು. ಪ್ರತಿ ಹ್ಯಾಂಡಲಿಗೂ ಒಂದು ಟಿಫನ್ ಕ್ಯಾರಿಯರ್. ಆ ಸಾಲು ಮೂಲೆಯ ಹೋಟೆಲಿನ ಮುಂದೆ ನಿಲ್ಲುತ್ತಿದ್ದದ್ದು ಒಂದು ಕಾಫಿಯಷ್ಟು ಹೊತ್ತು ಮಾತ್ರ.

ಸೈರನ್‌ಗಳು ಒಂದೊಂದಾಗಿ ನಿಂತವು. ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ಕಿರ್ಲೋಸ್ಕರ್ ಕಾರ್ಖಾನೆಯಿದ್ದ ಜಾಗದಲ್ಲಿ ಈಗ ಗೋಪುರದಂಥ ಕಚೇರಿಗಳು, ಅಪಾರ್ಟ್‌ಮೆಂಟು, 2012ರಲ್ಲಿ ತೆರೆದ ಒರಾಯನ್ ಮಾಲ್. ಮಾಗಡಿ ರಸ್ತೆಯ ಕಡೆ ಬಿನ್ನಿ ಮಿಲ್ಲಿನ ಜಾಗದಲ್ಲೂ ಅಪಾರ್ಟ್‌ಮೆಂಟುಗಳೇ. ಮಿಲ್ಲು ಹೋಗಿ ಬಿನ್ನಿಪೇಟೆ ಎಂಬ ಹೆಸರು ಉಳಿದಿದೆ. 2014ರಲ್ಲಿ ನಮ್ಮ ರಾಜಾಜಿನಗರಕ್ಕೆ ಹಸಿರು ಮೆಟ್ರೊ, 2015ರ ನವೆಂಬರಿನಲ್ಲಿ ವಿಜಯನಗರಕ್ಕೆ ನೇರಳೆ ಮೆಟ್ರೊ. ಕಂಬಗಳು ಎದ್ದಂತೆ ಅವುಗಳ ನೆರಳಿನಲ್ಲಿ ಹೊಸ ಬೋರ್ಡುಗಳೂ ಎದ್ದವು. ಮೊದಲು ಬಟ್ಟೆ ಮಳಿಗೆಗಳು, ಆಮೇಲೆ ಡಯಾಗ್ನೋಸ್ಟಿಕ್ ಸೆಂಟರುಗಳು, ಈಗ ಗಾಜಿನ ಗೋಡೆಯ ಕಾಫಿ ಅಂಗಡಿಗಳು.

* * *

ಹತ್ತು ಗಂಟೆಗೆ ಕಾರ್ಡ್ ರೋಡ್ ದಾಟಿ ಬಸವೇಶ್ವರನಗರದ ಕಡೆ ನಡೆದೆ. 'ವೆಸ್ಟ್ ಆಫ್ ಕಾರ್ಡ್ ರೋಡ್' ಎನ್ನುವುದೇ ಇಲ್ಲಿ ಒಂದು ವಿಳಾಸ. ಹಾವನೂರು ಸರ್ಕಲ್, ಸಿದ್ದಯ್ಯ ಪುರಾಣಿಕ ರಸ್ತೆ, ಶಂಕರಮಠ, ಕಮಲಾನಗರ. ಒಳಗಿನ ಕ್ರಾಸುಗಳಲ್ಲಿ ಈಗಲೂ ತೆಂಗಿನ ಮರ, ಸಂಪಿಗೆ ಮರ, ಗೇಟಿನ ಮುಂದೆ ಒಣಗಿದ ರಂಗೋಲಿ. ಆದರೆ ಮುಖ್ಯರಸ್ತೆಗೆ ತಾಗಿದ ಮೂಲೆ ಸೈಟುಗಳ ಕತೆಯೇ ಬೇರೆ.

ಅಂಥದೊಂದು ಮೂಲೆಯ ಮುಂದೆ ನಿಂತೆ. ಇಲ್ಲೊಂದು ಮನೆಯಿತ್ತು. ಕೆಂಪು ಆಕ್ಸೈಡಿನ ನೆಲ, ಮುಂದೆ ಎರಡು ಮೆಟ್ಟಿಲ ಜಗಲಿ, ಕಾಂಪೌಂಡಿಗೆ ಬಾಗಿದ ಪಾರಿಜಾತ. ಬೆಳಗ್ಗೆ ಪಾರಿಜಾತ ಉದುರಿದ ಫುಟ್‌ಪಾತನ್ನು ತುಳಿಯದೆ ಪಕ್ಕದಲ್ಲಿ ನಡೆಯುತ್ತಿದ್ದೆವು. ಮನೆಯವರು ವೃದ್ಧ ದಂಪತಿ. ಮಕ್ಕಳಿಬ್ಬರೂ ಹೊರದೇಶದಲ್ಲಿ. ಮೆಟ್ಟಿಲು ಹತ್ತಲಾಗದ ಮಂಡಿ, ತಿಂಗಳ ಔಷಧದ ಖರ್ಚು, ಮಳೆಗಾಲಕ್ಕೆ ಸೋರುವ ತಾರಸಿ. ಮನೆ ಕೆಡವಿ ನಾಲ್ಕು ಅಂತಸ್ತು ಕಟ್ಟಿಸಿ, ನೆಲಮಹಡಿಯನ್ನು ಕಾಫಿ ಸರಪಳಿಗೆ ಬಾಡಿಗೆ ಕೊಟ್ಟರೆ ಅವರ ಮುಪ್ಪಿನ ಚಿಂತೆ ಕಳೆಯಿತು. ಅದನ್ನು ದುರಾಸೆ ಎನ್ನುವ ಹಕ್ಕು ಬೀದಿಯ ಯಾರಿಗೂ ಇಲ್ಲ. ಅಗಲ ರಸ್ತೆ, ಮೆಟ್ರೊ ಹತ್ತಿರ, ಎರಡು ಕಡೆಗೆ ಮುಖವಿರುವ ಸೈಟು, ಕಾರು ನಿಲ್ಲಿಸಲು ಜಾಗ. ಕಾರ್ಮಿಕರ ಗಾಳಿ ಬೆಳಕಿಗೆಂದು ಅಂದು ಬಿಟ್ಟ ಅಳತೆಗಳೇ ಇಂದು ಸರಪಳಿ ಅಂಗಡಿಗಳನ್ನು ಕರೆತಂದಿವೆ.

ಬಾಗಿಲು ತಳ್ಳಿದೆ. ಒಳಗೆ ಎ.ಸಿ.ಯ ತಂಪು, ಸುಟ್ಟ ಸಕ್ಕರೆಯ ವಾಸನೆ. ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಡೋನಟ್‌ಗಳು. ಚಾಕೊಲೇಟ್ ಬಳಿದವು, ಗುಲಾಬಿ ಬಣ್ಣ ಹೊದ್ದವು, ಬಣ್ಣದ ಸಕ್ಕರೆ ಕಾಳು ಉದುರಿಸಿಕೊಂಡವು. ನಮಗೆ ತೂತಿನ ತಿಂಡಿ ಹೊಸದಲ್ಲ. ಉದ್ದಿನ ವಡೆಯಲ್ಲೂ ಕೋಡುಬಳೆಯಲ್ಲೂ ನಡುವೆ ತೂತಿದೆ, ಕಾರಣವೂ ಅದೇ: ದಪ್ಪ ಹಿಟ್ಟು ಎಣ್ಣೆಗೆ ಬಿದ್ದಾಗ ಹೊರಗೆ ಕೆಂಪಾಗಿ ನಡುವೆ ಹಸಿಯಾಗಿ ಉಳಿಯಬಾರದು. ಉದ್ದಿನ ಬದಲು ಮೈದಾ, ನೆನೆಸಿ ರುಬ್ಬುವ ಬದಲು ಯೀಸ್ಟ್, ಕಾಯಿಚಟ್ನಿಯ ಬದಲು ಸಕ್ಕರೆ ಪಾಕ. ಅಮೆರಿಕದ ಮ್ಯಾಸಚುಸೆಟ್ಸ್ ರಾಜ್ಯದ ಕ್ವಿನ್ಸಿಯಲ್ಲಿ ವಿಲಿಯಂ ರೋಸನ್‌ಬರ್ಗ್ ಎಂಬುವರು ಕಾಫಿ ಮತ್ತು ಡೋನಟ್ ಎರಡನ್ನೇ ನಂಬಿ ತೆರೆದ ಅಂಗಡಿಗೆ 1950ರಲ್ಲಿ ಡಂಕಿನ್ ಡೋನಟ್ಸ್ ಎಂಬ ಹೆಸರು ಬಂತು. ಅವರ ಗಿರಾಕಿಗಳೂ ಕಾರ್ಖಾನೆಗೆ ಹೋಗುವ ಜನವೇ. ಅಲ್ಲಿ ದುಡಿಯುವವನ ಬೆಳಗಿನ ತಿಂಡಿಯಾಗಿದ್ದದ್ದು 2012ರಲ್ಲಿ ದೆಹಲಿಯ ಮೂಲಕ ಭಾರತಕ್ಕೆ ಬಂದಾಗ ಸಂಜೆಯ ಶೋಕಿಯಾಗಿತ್ತು. ಒಂದೇ ತಿಂಡಿ ಸಮುದ್ರ ದಾಟಿದ ಮೇಲೆ ಅದರ ವರ್ಗವೇ ಬದಲಾಯಿತು.

ಇಲ್ಲಿನ ಕಾಫಿಯ ದರದಲ್ಲಿ ನಮ್ಮ ದರ್ಶಿನಿಯಲ್ಲಿ ಹತ್ತು ಮಂದಿ ಕಾಫಿ ಕುಡಿಯಬಹುದು. ಆದರೆ ಇಲ್ಲಿ ಕುರ್ಚಿಯಿದೆ. ಕಿಟಕಿಯ ಪಕ್ಕ ಲ್ಯಾಪ್‌ಟಾಪ್ ತೆರೆದು ಒಬ್ಬ ಹುಡುಗಿ ಕೂತಿದ್ದಾಳೆ. ಮುಂದಿನ ಕಪ್ಪು ಯಾವಾಗಲೋ ಖಾಲಿಯಾಗಿದೆ. ಯಾರೂ ಬಂದು "ಇನ್ನೇನು ಬೇಕಮ್ಮ?" ಎಂದು ಕೇಳಿಲ್ಲ. ಇನ್ನೊಂದು ಮೂಲೆಯಲ್ಲಿ, ಮದುವೆ ಮಾತುಕತೆಗೆಂದು ಎರಡು ಮನೆಯವರು ಕಳಿಸಿದ ಗಂಡು ಹೆಣ್ಣು ಎದುರುಬದುರು ಕೂತು ನೆಲ ನೋಡುತ್ತಿದ್ದಾರೆ. ಮತ್ತೊಂದು ಮೇಜಿನಲ್ಲಿ ನಾಲ್ವರು ಗೃಹಿಣಿಯರು, ಮಕ್ಕಳನ್ನು ಶಾಲೆಗೆ ಬಿಟ್ಟು ಬಂದವರು, ಜೋರಾಗಿ ನಗುತ್ತಿದ್ದಾರೆ. ನನ್ನ ತಾಯಿಯ ಕಾಲದಲ್ಲಿ ನಾಲ್ವರು ಹೆಂಗಸರು ಗಂಡಸರ ಹಂಗಿಲ್ಲದೆ ಹೋಟೆಲಿನಲ್ಲಿ ಕೂತು ನಗುವ ಜಾಗ ಈ ಬಡಾವಣೆಯಲ್ಲಿ ಇರಲಿಲ್ಲ. ಹೋಟೆಲುಗಳಲ್ಲಿ 'ಫ್ಯಾಮಿಲಿ ರೂಂ' ಎಂಬ ಪರದೆಯ ಮರೆಯಿತ್ತು. ನಮ್ಮ ದರ್ಶಿನಿಯ ಕಟ್ಟೆ ಎಲ್ಲರನ್ನೂ ನಿಲ್ಲಿಸಿತು, ಯಾರನ್ನೂ ಕೂರಿಸಲಿಲ್ಲ. ಹೊಸ ಕಾಫಿ ಅಂಗಡಿ ಗೆದ್ದಿರುವುದು ಇಲ್ಲಿ. ಅದು ಮಾರುವ ಸರಕು ಕಾಫಿಗಿಂತ ಹೆಚ್ಚಾಗಿ ಒಂದು ಗಂಟೆಯ ನಿರಾತಂಕ.

* * *

ಈ ಕುರ್ಚಿಯ ಕಾಫಿಯನ್ನು ನಾಡಿಗೆ ಮೊದಲು ಕಲಿಸಿದವರು ಹೊರಗಿನವರಲ್ಲ. ನಮ್ಮ ಚಿಕ್ಕಮಗಳೂರಿನ ಬೆಳೆಗಾರರ ಮನೆಯ ವಿ.ಜಿ. ಸಿದ್ಧಾರ್ಥ 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತೆರೆದರು. ಆ ವರ್ಷಕ್ಕೆ ಇನ್ನೊಂದು ಮಹತ್ವವಿದೆ. 1942ರ ಕಾಫಿ ಕಾಯ್ದೆಯ ನಂತರ ದಶಕಗಳ ಕಾಲ ಬೆಳೆಗಾರ ತನ್ನ ಫಸಲನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಿತ್ತು. ಮಂಡಳಿ ಮಾರಿ ಕಂತಿನಲ್ಲಿ ಹಣ ಕೊಡುತ್ತಿತ್ತು. ತೊಂಬತ್ತರ ದಶಕದಲ್ಲಿ ಈ ಕಟ್ಟು ಹಂತಹಂತವಾಗಿ ಸಡಿಲಿತು. 1996ರ ಹೊತ್ತಿಗೆ ಬೆಳೆಗಾರ ತನ್ನ ಬೀಜವನ್ನು ತನಗೆ ಬೇಕಾದವರಿಗೆ ಮಾರುವ ಸ್ವಾತಂತ್ರ್ಯ ಪಡೆದ. ತೋಟದಿಂದ ಕಪ್ಪಿನವರೆಗೆ ಒಂದೇ ಕೈ ಸಾಗುವುದು ಸಾಧ್ಯವಾಯಿತು. ಬಾಬಾಬುಡನ್ ಅವರು ಯೆಮನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣದಲ್ಲಿ ನೆಟ್ಟರೆಂಬ ಹದಿನೇಳನೇ ಶತಮಾನದ ಕತೆಯ ನಾಡಿನಿಂದ, ದೇಶದ ಕಾಫಿಯಲ್ಲಿ ಸುಮಾರು 70 ಭಾಗ ಬೆಳೆಯುವ ರಾಜ್ಯದಿಂದ, ಒಂದು ಹೆಸರು ದೇಶಕ್ಕೆಲ್ಲ ಹಬ್ಬಿತು. 2019ರ ಹೊತ್ತಿಗೆ ಅದರ ಅಂಗಡಿಗಳು 1,700 ದಾಟಿದ್ದವು. ನಮ್ಮ ಕಡೆಯ ಹುಡುಗರು ಮೊದಲ ಸಂಬಳದಲ್ಲಿ ಗೆಳೆಯರನ್ನು ಕರೆದೊಯ್ಯುತ್ತಿದ್ದದ್ದು ಅಲ್ಲಿಗೇ.

ಅದೇ ವರ್ಷದ ಜುಲೈ ಕೊನೆಯಲ್ಲಿ ನೇತ್ರಾವತಿಯ ದಡದಿಂದ ಬಂದ ಸಿದ್ಧಾರ್ಥ ಅವರ ಸಾವಿನ ಸುದ್ದಿ ನಾಡನ್ನು ಕಲಕಿತು. ಸಾಲದ ಹೊರೆಯ ಕೆಳಗೆ ಅಂಗಡಿಗಳು ಮುಚ್ಚುತ್ತ ಬಂದು ಐದು ವರ್ಷದೊಳಗೆ ಐನೂರಕ್ಕೂ ಕೆಳಗಿಳಿದವು. ಅವರ ಪತ್ನಿ ಮಾಳವಿಕಾ ಹೆಗ್ಡೆಯವರು ಹೊಣೆ ಹೊತ್ತು ಸಾಲ ತೀರಿಸುತ್ತ ಸಂಸ್ಥೆಯನ್ನು ನಿಲ್ಲಿಸಿಕೊಂಡರು. ಖಾಲಿಯಾದ ಜಾಗಕ್ಕೆ ಬೇರೆಯವರು ಬಂದರು. ಟಾಟಾ ಜೊತೆಗೂಡಿ 2012ರಲ್ಲಿ ಮುಂಬೈಗೆ ಬಂದ ಸ್ಟಾರ್‌ಬಕ್ಸ್ ಮರುವರ್ಷ ಕೋರಮಂಗಲಕ್ಕೆ ಬಂದಿತ್ತು. ಅದೇ ಕೋರಮಂಗಲದಲ್ಲಿ 2016ರಲ್ಲಿ ಹುಟ್ಟಿದ ಥರ್ಡ್ ವೇವ್ ಕಾಫಿಯೂ ಬಡಾವಣೆಯಿಂದ ಬಡಾವಣೆಗೆ ಬೆಳೆಯಿತು. ಮೊದಲು ಊರಿನ ಮೂಡಣದಲ್ಲಿ, ಆಮೇಲೆ ತೆಂಕಣದಲ್ಲಿ ನೆಲೆಯಾದ ಈ ಅಲೆ ಕೊನೆಗೆ ಮುಟ್ಟಿದ್ದು ನಮ್ಮ ಪಡುವಣವನ್ನು.

* * *

ಮಧ್ಯಾಹ್ನ ವಿಜಯನಗರ. ಮೆಟ್ರೊ ಇಳಿದರೆ ಎದುರಿಗೇ ಜನಸಾಗರ. 2024ರ ಆಗಸ್ಟಿನಲ್ಲಿ ತೆರೆದ ಶ್ರೀಕೃಷ್ಣದೇವರಾಯ ಪಾಲಿಕೆ ಬಜಾರಿನ ಎ.ಸಿ. ತಂಪು ಒಂದು ಕಡೆ, ಹೊರಗೆ ಸೊಪ್ಪು, ಬಳೆ, ಮೊಬೈಲ್ ಕವರು ಮಾರುವವರ ಕೂಗು ಇನ್ನೊಂದು ಕಡೆ. ಸಾಮ್ರಾಜ್ಯದ ಹೆಸರಿಟ್ಟುಕೊಂಡ ಬಡಾವಣೆಯಲ್ಲಿ ಹಂಪಿನಗರವೂ ಇದೆ, ಅತ್ತಿಗುಪ್ಪೆ, ಹೊಸಹಳ್ಳಿಗಳಂಥ ಹಳೆಯ ಊರುಗಳ ಹೆಸರೂ ಉಳಿದಿದೆ.

ಈ ವಿಜಯನಗರಕ್ಕೆ ಇನ್ನೊಂದು ಬಗೆಯ ಪ್ರಜೆಗಳಿದ್ದಾರೆ. ವಿಜಯಪುರ, ಕಲಬುರಗಿ, ರಾಯಚೂರು, ಬೆಳಗಾವಿ, ಚಿತ್ರದುರ್ಗದ ಹಳ್ಳಿಗಳಿಂದ ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗಳ ಕನಸು ಹೊತ್ತು ಬಂದವರು. ಅತ್ತಿಗುಪ್ಪೆ, ಚಂದ್ರಾ ಬಡಾವಣೆಯ ಸುತ್ತ ಕೋಚಿಂಗ್ ಸೆಂಟರುಗಳು, ಪಿ.ಜಿ.ಗಳು, ಜೆರಾಕ್ಸ್ ಅಂಗಡಿಗಳು. ಹಂಪಿನಗರದ ಗ್ರಂಥಾಲಯದಲ್ಲಿ ಒಂದು ಕುರ್ಚಿ ಹಿಡಿಯಲು ಬೆಳಗ್ಗೆಯೇ ಓಡಿಬರುತ್ತಾರೆ. ಕುರ್ಚಿ ಸಿಗದವರು ಹೊರಗಿನ ಮರದಡಿ, ಸ್ಕೂಟರಿನ ಸೀಟಿನ ಮೇಲೆ, ಅಂಗಡಿಯ ಮೆಟ್ಟಿಲ ಮೇಲೆ ಸಂವಿಧಾನದ ವಿಧಿಗಳನ್ನು ಬಾಯಿಪಾಠ ಮಾಡುತ್ತಾರೆ. ಅವರ ಕಾಫಿ ಅರ್ಧ ಲೋಟದ್ದು, ಅದರಲ್ಲೂ ಬೈ-ಟು. ಒಂದು ರೂಪಾಯಿ ಏರಿದರೂ ತಿಂಗಳ ಲೆಕ್ಕ ಏರುಪೇರಾಗುವ ಜನ. 2025ರ ಏಪ್ರಿಲ್ ಒಂದರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಬರ ಬಿದ್ದು ಕಾಫಿ ಬೀಜದ ದರ ಜಗತ್ತಿನಾದ್ಯಂತ ಗಗನಕ್ಕೇರಿದ್ದದ್ದು ಅದಕ್ಕೆ ಕೂಡಿಕೊಂಡಿತು. ಹೋಟೆಲಿನ ಬೋರ್ಡಿನಲ್ಲಿ ಕಾಫಿಯ ಮುಂದಿನ ಅಂಕಿ ಅಳಿಸಿ ಬರೆದ ಗುರುತು ಇನ್ನೂ ಕಾಣುತ್ತದೆ. ರಾಯಚೂರಿನ ಹುಡುಗನ ಓದಿಗೂ ಬ್ರೆಜಿಲ್ಲಿನ ಮಳೆಗೂ ನಂಟಿದೆ ಎನ್ನುವುದು ನನಗೆ ಅರ್ಥವಾದದ್ದು ಆ ಬೋರ್ಡಿನ ಮುಂದೆ.

ಎರಡು ರಸ್ತೆಯಾಚೆ ತಂಪಾದ ಕಾಫಿ ಅಂಗಡಿಯಲ್ಲಿ ಖಾಲಿ ಕುರ್ಚಿಗಳಿವೆ. ಓದಲು ಕುರ್ಚಿಯೇ ಬೇಕಾದ ಮಕ್ಕಳು ಬಿಸಿಲಿನಲ್ಲಿ ನಿಂತಿದ್ದಾರೆ. ಇಡೀ ದಿನ ತಿರುಗಿ ನಾನು ಕಂಡದ್ದರಲ್ಲಿ ಮನಸ್ಸಿಗೆ ಅತಿ ಹೆಚ್ಚು ನೋವಾದದ್ದು ಈ ನೋಟದಿಂದ.

* * *

ವಿಜಯನಗರದ ಹಿಂದಿನ ಬೀದಿಯೊಂದರಲ್ಲಿ ಹತ್ತಡಿ ಅಗಲದ ಕಾಫಿ ಪುಡಿ ಅಂಗಡಿಯಿದೆ. ಗಲ್ಲಿ ತಿರುಗುವ ಮೊದಲೇ ಮೂಗು ದಾರಿ ಹೇಳುತ್ತದೆ. ಒಳಗೆ ಹುರಿಯುವ ಡ್ರಮ್ಮು, ಬೀಸುವ ಯಂತ್ರ, ಬೀಜದ ಡಬ್ಬಗಳು, ತಕ್ಕಡಿ. ಪೀಬೆರಿ, ಪ್ಲಾಂಟೇಷನ್ ಎ, ರೊಬಸ್ಟಾ. ಕಾಫಿ ಹಣ್ಣಿನೊಳಗೆ ಸಾಮಾನ್ಯವಾಗಿ ಎರಡು ಚಪ್ಪಟೆ ಬೀಜಗಳಿರುತ್ತವೆ. ಒಂದೇ ಬೀಜ ಗುಂಡಗೆ ಬೆಳೆದರೆ ಅದು ಪೀಬೆರಿ. ಚಿಕೋರಿ ಒಂದು ಗಿಡದ ಬೇರು. ಹುರಿದು ಬೆರೆಸಿದರೆ ಡಿಕಾಕ್ಷನ್‌ಗೆ ದಪ್ಪ, ಬಣ್ಣ, ಕೊಂಚ ಕಹಿ. ಎಷ್ಟೇ ಬೆರೆಸಿದರೂ ಮಿಶ್ರಣದಲ್ಲಿ ಕಾಫಿಯ ಪಾಲು 51 ಭಾಗಕ್ಕೆ ಕಮ್ಮಿಯಾಗಬಾರದೆಂದು ಕಾನೂನಿದೆ.

ಅಂಗಡಿಯ ಹಿರಿಯರು ಮುಖ ನೋಡಿಯೇ ತೂಕ ಹಾಕುತ್ತಾರೆ. ಎದುರುಮನೆಗೆ ಪೀಬೆರಿ ಅರ್ಧ ಪ್ಲಾಂಟೇಷನ್ ಅರ್ಧ, ಚಿಕೋರಿ ಇಪ್ಪತ್ತು. ಮೂರನೇ ಕ್ರಾಸಿನ ಅಜ್ಜಿಗೆ ಚಿಕೋರಿ ಇಲ್ಲದ್ದು. ಮದುವೆಯಾಗಿ ಹೋದ ಮಗಳಿಗೆ ತವರಿನ ಮಿಶ್ರಣ, ಸೊಸೆಗೆ ಅವಳ ತವರಿನದು. ಬೀದಿಯ ಜಾತಕವೇ ಅವರ ನಾಲಗೆಯ ತುದಿಯಲ್ಲಿದೆ. ಹೊಸ ಅಂಗಡಿಯ ಯಂತ್ರ ಒಂಬತ್ತು ಪಟ್ಟು ವಾಯುಭಾರದ ಒತ್ತಡದಲ್ಲಿ ಅರ್ಧ ನಿಮಿಷದೊಳಗೆ ಕಾಫಿಯ ಸತ್ವ ಹಿಂಡಿ ತೆಗೆಯುತ್ತದೆ. ನಮ್ಮ ಹಿತ್ತಾಳೆಯ ಫಿಲ್ಟರಿನಲ್ಲಿ ಭೂಮಿಯ ಸೆಳೆತವೊಂದೇ ಕೆಲಸ ಮಾಡುತ್ತದೆ. ರಾತ್ರಿ ಬಿಸಿನೀರು ಹಾಕಿ ಮುಚ್ಚಿಟ್ಟರೆ ತೊಟ್ಟು ತೊಟ್ಟಾಗಿ ಇಳಿದು ಬೆಳಗಾಗುವಷ್ಟರಲ್ಲಿ ಕಪ್ಪು ಬಂಗಾರ ತಳದಲ್ಲಿ ಕೂತಿರುತ್ತದೆ. ಎರಡೂ ಒಳ್ಳೆಯ ವಿದ್ಯೆಗಳೇ. ಆದರೆ ಎರಡನೆಯದಕ್ಕೆ ಬೀದಿಯಲ್ಲಿ ಒಬ್ಬ ಬೀಸಿಕೊಡುವವರು ಬೇಕು.

ಪಕ್ಕದಲ್ಲೇ ಅಯ್ಯಂಗಾರ್ ಬೇಕರಿ. ಖಾರ ಬನ್ನು, ದಿಲ್‌ಪಸಂದ್, ಹನಿ ಕೇಕು, ಕಾಂಗ್ರೆಸ್ ಕಡಲೆಕಾಯಿ. ಗಾಜಿನ ಹಿಂದೆ ಪುಡಿ ಸಕ್ಕರೆ ಉದುರಿಸಿದ ಡೋನಟ್ ಕೂಡ ಇದೆ. ಅಮೆರಿಕದ ಹೆಸರು ನಮ್ಮ ಬೀದಿಗೆ ಬರುವ ಎಷ್ಟೋ ಮೊದಲೇ ಅದನ್ನು ನಾವು ಹಳೆಯ ಪೇಪರಿನ ತುಂಡಿನ ಮೇಲೆ ಇಸಿದುಕೊಂಡು ತಿಂದವರು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಇಂಥ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ 'ನಗದು ಮಾತ್ರ' ಎಂಬ ಚೀಟಿ ಅಂಟಿತ್ತು. ದೊಡ್ಡ ಸರಪಳಿಗೆ ಲೆಕ್ಕಪತ್ರ ನೋಡಲು ಕಚೇರಿಯೇ ಇರುತ್ತದೆ. ಇಲ್ಲಿ ಗಲ್ಲಾಪೆಟ್ಟಿಗೆ ನೋಡುವವರೇ ಬನ್ನು ಸುಡುವವರು.

ಈ ಬೇಕರಿಯ ಮುಂದೆ ನಿಂತಾಗ ನನಗೊಂದು ವಿಷಯ ಹೊಳೆಯಿತು. ಹಬ್ಬುವುದು ನಮಗೆ ಹೊಸದಲ್ಲ. ಹಾಸನ ಸೀಮೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದರು. ಅಲ್ಲಿಂದ ಹಿಡಿದು ಇಂದಿನವರೆಗೆ ಅಯ್ಯಂಗಾರ್ ಬೇಕರಿ ಎಂಬ ಬೋರ್ಡು ಊರಿನ ಮೂಲೆಮೂಲೆಗೂ ಹೋಗಿದೆ. ಉಡುಪಿ ಹೋಟೆಲು ದೇಶವನ್ನೇ ಸುತ್ತಿತು. ಕಾಫಿ ಮಂಡಳಿ ತನ್ನ ಇಂಡಿಯಾ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ ಕೆಲಸ ಕಳೆದುಕೊಂಡ ನೌಕರರು 1957ರಲ್ಲಿ ಇದೇ ಬೆಂಗಳೂರಿನಲ್ಲಿ ಸಹಕಾರ ಸಂಘ ಕಟ್ಟಿ, ಲೋಟ ತೊಳೆದವರೇ ಯಜಮಾನರಾದರು. ಆ ಹಬ್ಬುವಿಕೆಯಲ್ಲಿ ಪ್ರತಿ ಅಂಗಡಿಯೂ ಒಬ್ಬ ಹೊಸ ಯಜಮಾನನನ್ನು ಹುಟ್ಟಿಸಿತು. ಒಲೆಯ ಮುಂದೆ ಹತ್ತು ವರ್ಷ ಬೆವರಿದ ಹುಡುಗ ಹನ್ನೊಂದನೆಯ ವರ್ಷ ಪಕ್ಕದ ಬಡಾವಣೆಯಲ್ಲಿ ತನ್ನದೇ ಒಲೆ ಹಚ್ಚಿದ. ಹೆಸರು ಒಂದೇ, ಯಜಮಾನರು ನೂರು. ಇಂದಿನ ಸರಪಳಿಯಲ್ಲಿ ಅಂಗಡಿಗಳು ನೂರು, ಯಜಮಾನ ಒಬ್ಬ. ಕೌಂಟರಿನ ಹಿಂದೆ ಟೋಪಿ ಹಾಕಿ ನಿಂತ ಹುಡುಗ ಎಷ್ಟೇ ಚೆಂದ ಕಾಫಿ ಮಾಡಲಿ, ಹತ್ತು ವರ್ಷದ ಮೇಲೂ ಕೌಂಟರಿನ ಹಿಂದೆಯೇ ಇರುತ್ತಾನೆ, ಇಲ್ಲವೆ ಬೇರೆ ಕೆಲಸ ಹುಡುಕುತ್ತಾನೆ. ಬಡಾವಣೆ ನಿಜವಾಗಿ ಕಳೆದುಕೊಳ್ಳುತ್ತಿರುವುದು ಈ ಏಣಿಯನ್ನು.

* * *

ಸಂಜೆ ನೇರಳೆ ಮೆಟ್ರೊ ಹಿಡಿದು ಕೆಂಗೇರಿಗೆ ಹೋದೆ. ನಾಯಂಡಹಳ್ಳಿ ದಾಟಿದ ಮೇಲೆ ಹಳಿಯ ಪಕ್ಕದಲ್ಲೇ ವೃಷಭಾವತಿ ಹರಿಯುತ್ತಾಳೆ. ಒಂದು ಕಾಲದಲ್ಲಿ ಜನ ಮಿಂದ ನೀರು, ಇಂದು ನೊರೆ ಕಟ್ಟಿದ ಕಪ್ಪು. ಆಚೆಗೆ ಜ್ಞಾನಭಾರತಿಯ ಹಸಿರು. ಕೆಂಗೇರಿ 2007ರವರೆಗೆ ಪ್ರತ್ಯೇಕ ಪುರಸಭೆಯಾಗಿದ್ದ ಊರು. 2021ರ ಆಗಸ್ಟಿನಲ್ಲಿ ಮೆಟ್ರೊ ಬಂತು, 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟದವರೆಗೂ ಹೋಯಿತು. ಮೈಸೂರು ರಸ್ತೆಯ ಉದ್ದಕ್ಕೂ ಅಪಾರ್ಟ್‌ಮೆಂಟುಗಳು ಎದ್ದಿವೆ. ಗಾಜಿನ ಕಾಫಿ ಅಂಗಡಿಗಳು ಹೆದ್ದಾರಿಗೆ ಮುಖ ಮಾಡಿವೆ.

ಆದರೆ ರೈಲು ನಿಲ್ದಾಣದಲ್ಲಿ ಮೈಸೂರಿನ ಗಾಡಿ ಬಂದು ನಿಂತಾಗ ಕಿಟಕಿಗಳಿಂದ ತೇಲಿಬರುವ ಕೂಗು ಶತಮಾನ ದಾಟಿದ ಮದ್ದೂರು ವಡೆಯದೇ. ಉಪನಗರದ ಒಳಗೆ, ಬಸ್ ನಿಲ್ದಾಣದ ಹತ್ತಿರ, ಹಗಲಿನ ಪಾಳಿ ಮುಗಿಸಿದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ತಳ್ಳುಗಾಡಿಯ ಮುಂದೆ ಐದು ನಿಮಿಷ ನಿಲ್ಲುತ್ತಾರೆ. ಒಬ್ಬಳು ಚಪ್ಪಲಿ ಬಿಟ್ಟು ಒಂದು ಕಾಲನ್ನು ಇನ್ನೊಂದರ ಮೇಲೆ ಇಟ್ಟು ನಿಂತಿದ್ದಾಳೆ. ದಿನವಿಡೀ ಹೊಲಿಗೆ ಯಂತ್ರದ ಮುಂದೆ ದುಡಿದ ದೇಹ ಅದು. ಕೂರಲು ಒಂದು ಕಲ್ಲು ಬೆಂಚೂ ಇಲ್ಲ.

ಅಲ್ಲಿ ನಿಂತಾಗ ನನ್ನ ಮನಸ್ಸು ಒಂದು ತೀರ್ಮಾನಕ್ಕೆ ಬಂತು. ದರ್ಶಿನಿ ನಮಗೆ ಸಮಾನತೆ ಕೊಟ್ಟಿತು, ವಿರಾಮ ಕೊಡಲಿಲ್ಲ. ಹೊಸ ಕಾಫಿ ಅಂಗಡಿ ವಿರಾಮ ಕೊಟ್ಟಿತು, ಅದನ್ನು ಕೊಳ್ಳಬಲ್ಲವರಿಗೆ ಮಾತ್ರ. ಈ ನಡುವಿನ ಕೊರತೆಯನ್ನು ತುಂಬುವುದು ಯಾವ ವ್ಯಾಪಾರಿಯ ಕೆಲಸವೂ ಅಲ್ಲ, ಊರಿನ ಕೆಲಸ. ಹಿಂದೆ ಪ್ರತಿ ಹಳ್ಳಿಗೂ ಅರಳಿಕಟ್ಟೆಯಿತ್ತು. ಕೂರಲು ಅಲ್ಲಿ ಯಾರೂ ಏನನ್ನೂ ಕೊಳ್ಳಬೇಕಿರಲಿಲ್ಲ. ಅತ್ತಿಗುಪ್ಪೆಯೂ ಹೊಸಹಳ್ಳಿಯೂ ಸಾಣೆಗುರುವನಹಳ್ಳಿಯೂ ಅಂಥ ಕಟ್ಟೆಗಳ ಊರುಗಳೇ. ಬಡಾವಣೆ ಮಾಡುವಾಗ ರಸ್ತೆ ಅಳೆದೆವು, ಸೈಟು ಅಳೆದೆವು, ಕಟ್ಟೆಯನ್ನು ಅಳೆಯಲಿಲ್ಲ.

2025ರ ಸೆಪ್ಟೆಂಬರಿನಿಂದ ಬೆಂಗಳೂರಿಗೆ ಐದು ಪಾಲಿಕೆಗಳು. ರಾಜಾಜಿನಗರ, ವಿಜಯನಗರಗಳು ಬೆಂಗಳೂರು ಪಶ್ಚಿಮ ನಗರ ಪಾಲಿಕೆಗೆ ಸೇರಿವೆ. ಹೊಸ ಪಾಲಿಕೆಗೆ ನನ್ನ ಬೇಡಿಕೆ ದೊಡ್ಡದಲ್ಲ. ಪ್ರತಿ ಮೆಟ್ರೊ ನಿಲ್ದಾಣದ ಕೆಳಗೆ, ಬಸ್ ನಿಲ್ದಾಣದ ಪಕ್ಕ, ಮರವಿರುವ ಕಡೆ ಕೂರುವ ಕಲ್ಲು ಬೆಂಚುಗಳನ್ನು ಹಾಕಿ. ಗ್ರಂಥಾಲಯಗಳಲ್ಲಿ ಕುರ್ಚಿ ಹೆಚ್ಚಿಸಿ, ಬಾಗಿಲನ್ನು ರಾತ್ರಿ ತಡವಾಗಿ ಮುಚ್ಚಿ. ಹೊಸ ಬಜಾರುಗಳನ್ನು ಕಟ್ಟುವಾಗ ಕಾಫಿ ಪುಡಿ ಬೀಸುವವರಿಗೆ, ಬನ್ನು ಸುಡುವವರಿಗೆ ತಾಳಿಕೊಳ್ಳುವ ಬಾಡಿಗೆಯಲ್ಲಿ ನಾಲ್ಕು ಮಳಿಗೆ ಮೀಸಲಿಡಿ.

ಇನ್ನು ನಮ್ಮ ಕೈಯಲ್ಲಿರುವ ಕೆಲಸ. ಹೊಸ ಅಂಗಡಿಗೆ ಹೋಗಬೇಡಿ ಎಂದು ನಾನು ಹೇಳಲಾರೆ. ಆ ನಾಲ್ವರು ಹೆಂಗಸರ ನಗು ಈ ಬಡಾವಣೆಗೆ ಬೇಕು. ಆದರೆ ತಿಂಗಳಿಗೆ ಅರ್ಧ ಕೆ.ಜಿ. ಪುಡಿಯನ್ನು ಬೀದಿಯ ಗಿರಣಿಯಿಂದಲೇ ತನ್ನಿ. ಈ ಭಾನುವಾರ ನಿಮ್ಮ ಹತ್ತಿರದ ಕಾಫಿ ಪುಡಿ ಅಂಗಡಿಗೆ ಹೋಗಿ, ನಿಮ್ಮ ಮನೆಯ ಮಿಶ್ರಣ ಹೇಳಿ, ಎದುರಿಗೇ ಬೀಸಿಸಿಕೊಂಡು ಬನ್ನಿ. ಮುಂದಿನ ತಿಂಗಳು ನೀವು ಹೇಳಬೇಕಾಗಿಲ್ಲ. ಅವರಿಗೆ ನೆನಪಿರುತ್ತದೆ.